ಆ ಟೇಬಲ್ಲಿನ ಹುಡುಗಿ ಎಲ್ಲಿಗೆ ಎದ್ದು ಹೋಗಬೇಕು?

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಏಳು ದಿನ ಕ್ರೂಸ್ ಹಡಗಿನಲ್ಲಿದ್ದೆ. ಬಂದಾಗಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಸಿಟ್ಟು ಸ್ವಲ್ಪ ಇಳಿಯಲಿ ಅಂತ ಕಾದೆ. ಇಳಿದಿಲ್ಲ.

ಅಮ್ಮನಿಗೆ ಅಸ್ತಮಾ. ಹಾಗಾಗಿ ಬುಕ್ ಮಾಡುವ ಮೊದಲೇ ನಿಯಮಗಳನ್ನೆಲ್ಲ ಕೂತು ಓದಿದ್ದೆ. ಕ್ಯಾಬಿನ್ನಿನಲ್ಲಿ ಸಿಗರೇಟು ಸೇದುವಂತಿಲ್ಲ, ಬಾಲ್ಕನಿಯಲ್ಲೂ ಇಲ್ಲ, ಮೀರಿದರೆ ದಂಡ. ಊಟದ ಹಾಲ್, ಥಿಯೇಟರ್ ಎಲ್ಲ ಕಡೆ ನಿಷೇಧ. ತೆರೆದ ಡೆಕ್ಕಿನ (ಹಡಗಿನ ಮಹಡಿಯ) ಒಂದು ಮೂಲೆ, ಕ್ಯಾಸಿನೊದ ಒಂದು ಭಾಗ, ಇವಿಷ್ಟು ಮಾತ್ರ ಸೇದುವವರಿಗೆ. ನಾವಿಬ್ಬರೂ ಜೂಜಿನ ಕಡೆ ತಲೆ ಹಾಕುವವರಲ್ಲ, ಇನ್ನೇನು ತೊಂದರೆ ಅಂತ ನಿಶ್ಚಿಂತೆಯಾಗಿ ದುಡ್ಡು ಕಟ್ಟಿದೆ.

ಹತ್ತಿದ ಮೇಲೆ ಗೊತ್ತಾಯಿತು. ಊಟದ ಹಾಲ್ ಹಡಗಿನ ಹಿಂಭಾಗದಲ್ಲಿ, ಥಿಯೇಟರ್ ಮುಂಭಾಗದಲ್ಲಿ, ನಡುವೆ ಕ್ಯಾಸಿನೊ. ಊಟ ಮುಗಿಸಿ ಶೋಗೆ ಹೊರಟವರು ಜೂಜಿನ ಮಷಿನ್‌ಗಳನ್ನು ಹಾಯ್ದೇ ಹೋಗಬೇಕು. ಮೊದಲ ರಾತ್ರಿ ಅರ್ಧ ದಾರಿಯಲ್ಲಿ ಅಮ್ಮ ಕರ್ಚೀಫು ಮೂಗಿಗೆ ಒತ್ತಿಕೊಂಡು ನಿಂತೇಬಿಟ್ಟಳು. ಇನ್ಹೇಲರ್ ಕ್ಯಾಬಿನ್ನಿನಲ್ಲಿತ್ತು. ನಾನು ಓಡಿಹೋಗಿ ತಂದ ಆ ಐದು ನಿಮಿಷ ಇವತ್ತಿಗೂ ಮರೆತಿಲ್ಲ. ಮಾರನೇ ದಿನದಿಂದ ಲಿಫ್ಟ್ ಹತ್ತಿ ಎರಡು ಡೆಕ್ ಮೇಲೆ ಹೋಗಿ, ಹಡಗಿನ ಉದ್ದಕ್ಕೂ ನಡೆದು, ಮತ್ತೆ ಕೆಳಗಿಳಿದು ಥಿಯೇಟರ್ ಸೇರುತ್ತಿದ್ದೆವು. ಮಂಡಿನೋವಿನವಳು ಎಷ್ಟು ದಿನ ನಡೆದಾಳು? ಐದನೇ ರಾತ್ರಿ, ‘ನೀನು ಹೋಗಿ ನೋಡ್ಕೊಂಡು ಬಾ, ನಂಗೆ ನಿದ್ದೆ ಬರ್ತಿದೆ’ ಅಂದಳು. ನಿದ್ದೆ ಬಂದಿರಲಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಕ್ಯಾಸಿನೊದಲ್ಲಿ ಸೇದುವ ಭಾಗ, ಸೇದಬಾರದ ಭಾಗ ಅಂತ ವಿಂಗಡಿಸಿದ್ದು ಒಂದು ಬೋರ್ಡಿನಿಂದ. ಗೋಡೆಯಿಲ್ಲ, ಬಾಗಿಲಿಲ್ಲ. ದೂರು ಕೊಟ್ಟರೆ, ಗಾಳಿ ಶುದ್ಧ ಮಾಡುವ ವ್ಯವಸ್ಥೆ ಚೆನ್ನಾಗಿದೆ ಎಂಬ ಉತ್ತರ ಬಂತು. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯ ವರದಿ 2006ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ: ಸೇದುವವರನ್ನು ಬೇರೆ ಕೂರಿಸುವುದು, ಗಾಳಿ ಸೋಸುವುದು, ಫ್ಯಾನ್ ಹಾಕುವುದು, ಇವ್ಯಾವುದೂ ಪಕ್ಕದವರನ್ನು ಹೊಗೆಯಿಂದ ಪೂರ್ತಿ ಕಾಪಾಡುವುದಿಲ್ಲ, ಇಷ್ಟು ಹೊಗೆಯಾದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೂ ಇಲ್ಲ.

ಆದರೆ ಅಮ್ಮನಿಗೆ ಕ್ಯಾಬಿನ್ ಇತ್ತು, ಮೇಲಿನ ಡೆಕ್ ಇತ್ತು. ಏಳು ದಿನ ಕಳೆದರೆ ಇಳಿದು ಬರುವವಳು. ನನ್ನ ಸಿಟ್ಟು ಇಳಿಯದಿರುವುದು ಇನ್ನೊಬ್ಬಳಿಗಾಗಿ. ಅಮ್ಮ ಮಲಗಿದ ಆ ಐದನೇ ರಾತ್ರಿ ನಾನು ಕ್ಯಾಸಿನೊ ಹಾಯ್ದೇ ಹೋದೆ. ಒಂದು ಟೇಬಲ್ಲಿನಲ್ಲಿ ಇಸ್ಪೀಟಿನ ಎಲೆ ಹಂಚುತ್ತಿದ್ದ ಹುಡುಗಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಎದುರಿಗೆ ಕೂತ ಇಬ್ಬರ ಕೈಯಲ್ಲೂ ಸಿಗರೇಟು. ಅವಳು ಎಲೆ ಹಾಕುವ ಮೊದಲು ಮುಖವನ್ನು ಎಡಗಡೆಯ ಭುಜದತ್ತ ತಿರುಗಿಸಿ ಒಂದು ಉಸಿರು ಎಳೆದುಕೊಂಡು, ಮತ್ತೆ ನೇರವಾಗಿ ನಕ್ಕು ಎಲೆ ಹಾಕುತ್ತಿದ್ದಳು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ಅಷ್ಟು ರೂಢಿಯಾಗಿಹೋಗಿತ್ತು. ಮಧ್ಯೆ ಒಮ್ಮೆ ಕೆಮ್ಮು ಬಂತು. ಮೊಣಕೈಯಲ್ಲಿ ಬಾಯಿ ಮುಚ್ಚಿಕೊಂಡು ‘ಕ್ಷಮಿಸಿ’ ಅಂದಳು. ಹೊಗೆ ಬಿಟ್ಟವರ ಹತ್ತಿರ ಅವಳು ಕ್ಷಮೆ ಕೇಳಿದಳು!

ಹಡಗಿನ ಕೆಲಸ ಅಂದರೆ ತಿಂಗಳುಗಟ್ಟಲೆ ಒಪ್ಪಂದ. ಸಂಜೆ ಮನೆಗೆ ಹೋಗಿ ಕಿಟಕಿ ತೆರೆದು ಕೂರುವಂತಿಲ್ಲ. ಬಂದರು ಬಿಟ್ಟು ಮಹಾಸಾಗರಕ್ಕೆ ಹೋದ ಮೇಲೆ ನಡೆಯುವುದು ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ಕಾನೂನು. ಬಹುಪಾಲು ದೊಡ್ಡ ಕ್ರೂಸ್ ಹಡಗುಗಳು ನೋಂದಣಿಯಾಗಿರುವುದು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾಗಳಲ್ಲಿ. ಹೊರಟ ಊರಿನ ಹೋಟೆಲ್‌ಗಳಲ್ಲಿ ಒಳಗೆ ಸೇದುವುದು ಅಪರಾಧವಾಗಿದ್ದರೂ ಆ ರಕ್ಷಣೆ ಇವಳ ಜೊತೆ ಹಡಗು ಹತ್ತುವುದಿಲ್ಲ.

ವಿಮಾನಗಳಲ್ಲೂ ಒಂದು ಕಾಲಕ್ಕೆ ಹಿಂದಿನ ಸಾಲುಗಳು ಸೇದುವವರಿಗೆ ಅಂತ ಇದ್ದವು. ಆ ಹೊಗೆಯಲ್ಲಿ ವರ್ಷಗಟ್ಟಲೆ ಓಡಾಡಿ ಕಾಯಿಲೆ ಬಿದ್ದ ಅಮೆರಿಕದ ಗಗನಸಖಿಯರು 1991ರಲ್ಲಿ ತಂಬಾಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದರು. 1997ರಲ್ಲಿ ಅದು ರಾಜಿಯಾಗಿ, ಸಂಶೋಧನೆಗೆಂದು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಈಗ ವಿಮಾನದಲ್ಲಿ ಸಿಗರೇಟು ಹಚ್ಚುವ ಯೋಚನೆಯೂ ಯಾರಿಗೂ ಬರುವುದಿಲ್ಲ. ಕ್ಯಾಸಿನೊ ಟೇಬಲ್ಲಿನ ಹುಡುಗಿಯ ಶ್ವಾಸಕೋಶ ಬೇರೆ ಥರದ್ದೇ?

ಬಾಲ್ಕನಿಯ ನಿಷೇಧ ಬಂದದ್ದೂ ಸುಲಭಕ್ಕಲ್ಲ. 2006ರ ಮಾರ್ಚ್ 23ರ ನಸುಕಿನಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗು ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಿಂದ ಜಮೈಕಾ ಕಡೆ ಹೋಗುತ್ತಿದ್ದಾಗ ಒಂದು ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ ಹೇಳಿತು. ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ, ನೆಲಹಾಸು, ನಡುವಿನ ತಡಿಕೆ ಎಲ್ಲ ಹೊತ್ತಿಕೊಂಡು ಆರೇ ನಿಮಿಷದಲ್ಲಿ ಬೆಂಕಿ ಮೇಲಿನ ಡೆಕ್‌ಗಳಿಗೆ ಏರಿತು. ಒಬ್ಬ ಪ್ರಯಾಣಿಕ ಸತ್ತ. 79 ಕ್ಯಾಬಿನ್‌ಗಳು ಉಪಯೋಗಕ್ಕೆ ಬಾರದಂತಾದವು. ಬಾಲ್ಕನಿಗಳ ಅಗ್ನಿಸುರಕ್ಷೆಯ ಅಂತಾರಾಷ್ಟ್ರೀಯ ನಿಯಮ 2008ರ ಜುಲೈನಲ್ಲಿ ಜಾರಿಗೆ ಬಂತು. ಆದರೆ ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳು ಬಾಲ್ಕನಿಯಲ್ಲಿ ಸೇದುವುದನ್ನೇ ನಿಲ್ಲಿಸಿದ್ದು 2014ರಲ್ಲಿ. ಒಂದು ಜೀವ ಹೋಗಿ ಎಂಟು ವರ್ಷ ಬೇಕಾಯಿತು.

ನಿಯಮ ಇದ್ದೂ ಮೂರನೇ ದಿನ ಬೆಳಿಗ್ಗೆ ನಮ್ಮ ಬಾಲ್ಕನಿಯ ಕುರ್ಚಿ ಮೇಲೆ ಒಣಹಾಕಿದ್ದ ಟವೆಲ್ಲಿನಲ್ಲಿ ಕಡಲೆಕಾಳಿನಷ್ಟು ತೂತು, ಅಂಚೆಲ್ಲ ಕಪ್ಪು. ಪಕ್ಕದಲ್ಲೇ ಸಿಗರೇಟಿನ ತುಂಡು ಬಿದ್ದಿತ್ತು. ಮೇಲಿನವರು ಸಮುದ್ರಕ್ಕೆ ಅಂತ ಎಸೆದದ್ದನ್ನು ಗಾಳಿ ಒಳಗೆ ತಂದು ಹಾಕಿದೆ. ಟವೆಲ್ ತೋರಿಸಿದೆ. ಹೊಸ ಟವೆಲ್ ಕೊಟ್ಟರು, ಅಷ್ಟೆ. ಮೇಲಿನ ಕ್ಯಾಬಿನ್ನಿಗೆ ಯಾರೂ ಹೋಗಿ ಕೇಳಿದಂತೆ ಕಾಣಲಿಲ್ಲ.

ಕ್ಯಾಸಿನೊವನ್ನು ಮುಟ್ಟದಿರುವುದಕ್ಕೆ ಕಾರಣ ದುಡ್ಡು. ಕಾರ್ನಿವಲ್ ಕಂಪನಿಯೇ 1998ರಲ್ಲಿ ಪ್ಯಾರಡೈಸ್ ಅಂತ ಪೂರ್ತಿ ಹೊಗೆಮುಕ್ತ ಹಡಗು ಬಿಟ್ಟಿತ್ತು. ಸೇದಿ ಸಿಕ್ಕಿಬಿದ್ದರೆ 250 ಡಾಲರ್ ದಂಡ, ಮುಂದಿನ ಬಂದರಿನಲ್ಲಿ ಇಳಿಸಿಬಿಡುವುದು. ಐದಾರು ವರ್ಷಕ್ಕೆ ಆ ನಿಯಮ ಹೋಯಿತು. ಸೇದದವರು ಜೂಜಿಗೆ, ಕುಡಿತಕ್ಕೆ ಖರ್ಚು ಮಾಡುವುದು ಕಡಿಮೆ ಎಂಬ ಕಾರಣ ಆಗ ಕೇಳಿಬಂತು. ಆದರೆ ಕಾಲ ಬದಲಾಗಿದೆ. ಕೆಲವು ಹೊಸ ಹಡಗುಗಳಲ್ಲಿ ಹೊಗೆಯಿಲ್ಲದ ಕ್ಯಾಸಿನೊ ಬೇರೆಯೇ ಇದೆ, ಅಂದರೆ ಮಾಡಲು ಆಗುತ್ತದೆ.

ಸೇದುವವರ ಮೇಲೆ ನನಗೆ ದ್ವೇಷವಿಲ್ಲ. ಅಪ್ಪ ನಲವತ್ತು ವರ್ಷ ಸೇದಿದವರು. ಆ ಚಟ ಬಿಡುವ ಕಷ್ಟ ಏನು ಅಂತ ಕಣ್ಣಾರೆ ಕಂಡಿದ್ದೇನೆ. ಅವರಿಗೂ ಜಾಗ ಬೇಕು. ತೆರೆದ ಡೆಕ್ಕಿನಲ್ಲಿ, ಹೊಗೆ ಬೇರೆಯವರ ಮೇಲೆ ಬೀಸದ ಕಡೆ, ಮಳೆಗೆ ನೆನೆಯದ ಹಾಗೆ ಮಾಡು ಹಾಕಿಸಿ, ನಾಲ್ಕು ಬೆಂಚು, ಮರಳು ತುಂಬಿದ ಬೂದಿ ಡಬ್ಬಿ ಇಡಲಿ. ಈಗಿರುವಂತೆ ಮಕ್ಕಳ ಈಜುಕೊಳಕ್ಕೆ ಹೋಗುವ ಮೆಟ್ಟಿಲ ಪಕ್ಕ ಬೇಡ. ಅಂಥ ಜಾಗ ಕೊಟ್ಟರೆ ಬಾಲ್ಕನಿಯಲ್ಲಿ ಕದ್ದು ಸೇದುವುದೂ ಕಡಿಮೆಯಾದೀತು. ಒಳಗೆ ಮಾತ್ರ ಎಲ್ಲೂ ಬೇಡ, ಕ್ಯಾಸಿನೊದಲ್ಲೂ ಬೇಡ.

ಹಡಗು ಬುಕ್ ಮಾಡುವವರಿದ್ದರೆ, ನಿಯಮ ಓದಿ ನನ್ನ ಹಾಗೆ ಸುಮ್ಮನಾಗಬೇಡಿ. ಡೆಕ್ ನಕ್ಷೆ ತೆಗೆದು ಕ್ಯಾಸಿನೊ ಎಲ್ಲಿದೆ, ನಿಮ್ಮ ಕ್ಯಾಬಿನ್ ಅದರ ನೇರ ಮೇಲೆ ಬರುತ್ತದೆಯೇ, ಅದನ್ನು ಹಾಯದೆ ಥಿಯೇಟರ್‌ಗೆ ಹೋಗುವ ದಾರಿ ಇದೆಯೇ ನೋಡಿ. ಒಳಗೆ ಸೇದಲು ಬಿಡುತ್ತೀರಾ ಎಂದು ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ಹೌದು ಅಂದರೆ, ಅದೇ ಕಾರಣಕ್ಕೆ ಬೇರೆ ಹಡಗು ಹಿಡಿಯುತ್ತಿದ್ದೇವೆ ಅಂತಲೂ ಬರೆದು ಕಳಿಸಿ. ನಾನು ಕಳಿಸಿದ್ದೇನೆ. ಟೇಬಲ್ಲಿನ ಹುಡುಗಿಯ ವಿಷಯವನ್ನೂ ಬರೆದಿದ್ದೇನೆ. ಅವಳು ಯಾರೆಂದು ಗೊತ್ತಾಗದಂತೆ ತಾರೀಕು, ಹೊತ್ತು ಮಾತ್ರ ಬರೆಯದೆ ಬಿಟ್ಟಿದ್ದೇನೆ.