ಎಂಬತ್ತು ಚೀಟಿ, ಒಂದು ಬೊಗಸೆ ಶೇಂಗಾ

ಅಮೆರಿಕದಿಂದ ಬಂದ ಅಕ್ಕನ ಮಗ ಎಲ್ಲರಿಗೂ ಚಾಕಲೇಟ್ ಹಂಚಿದ. ನನ್ನ ಕೈಗೆ ಮಾತ್ರ ಒಂದು ಹಾಳೆ ಕೊಟ್ಟ. ಲಾಸ್ ವೇಗಸ್‌ನ ಯಾವುದೋ ಕ್ಯಾಸಿನೋದಿಂದ ಎತ್ತಿಕೊಂಡು ಬಂದ ಖಾಲಿ ಚೀಟಿ. ಅದರಲ್ಲಿ 1ರಿಂದ 80ರವರೆಗೆ ಅಂಕಿ, ಹತ್ತತ್ತರ ಎಂಟು ಸಾಲು. "ಮಾಮಾ, ಇದಕ್ಕ ಕೀನೋ ಅಂತಾರ" ಅಂದ.

ನನಗೆ ಹೌಸಿ, ಅದೇ ತಂಬೋಲಾ, ನೆನಪಾಯ್ತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಗಲ್ಲಿಯ ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಆಡಿಸುತ್ತಾರೆ. ಆದರೆ ಹೌಸಿಯಲ್ಲಿ ಟಿಕೆಟ್ ಮೇಲೆ ಅಚ್ಚಾದ 15 ಅಂಕಿಯೇ ನಮ್ಮ ಹಣೆಬರಹ. ಯಾರಾದರೂ ಗೆಲ್ಲುವ ತನಕ ಕೂಗುತ್ತಲೇ ಇರುತ್ತಾರೆ. ಕೀನೋದಲ್ಲಿ ಅಂಕಿ ನಾವೇ ಆರಿಸಬೇಕು. ಒಂದಾದರೂ ಸರಿ, ಹತ್ತಾದರೂ ಸರಿ, ಕೆಲವು ಕಡೆ ಇನ್ನೂ ಜಾಸ್ತಿ. ಗುರುತು ಹಾಕಿ ದುಡ್ಡು ಕಟ್ಟಿದರೆ ಆಯ್ತು. ಆಮೇಲೆ ಅಂಕಿ ಬರೆದ 80 ಹಗುರ ಚೆಂಡುಗಳು ಗಾಳಿಗೆ ಕುಣಿದು, ಅದರಲ್ಲಿ 20 ಹೊರಗೆ ಬರುತ್ತವೆ. ನಾವು ಆರಿಸಿದ್ದು ಆ ಇಪ್ಪತ್ತರಲ್ಲಿ ಎಷ್ಟು ಬಂದವು ಅನ್ನುವುದರ ಮೇಲೆ ಗೆಲುವು. ಅಲ್ಲಿಗೆ ಆಟ ಮುಗೀತು. ಯಾರೂ ಗೆಲ್ಲದಿದ್ದರೂ ಮುಗೀತು.

ಈ ಆಟ ಮೂಲ ಚೀನಾದ್ದು. ಅಲ್ಲಿ ಅಂಕಿಯ ಬದಲು, ಮಕ್ಕಳು ಬಾಯಿಪಾಠ ಮಾಡುವ ಹಳೇ ಪದ್ಯದಿಂದ ತೆಗೆದ 80 ಅಕ್ಷರ ಇರುತ್ತಿದ್ದವು. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ 1931ರಲ್ಲಿ ಜೂಜಿಗೆ ಅನುಮತಿ ಸಿಕ್ಕಿತು, ಲಾಟರಿಗೆ ಸಿಗಲಿಲ್ಲ. ಆಗ ಒಂದೊಂದು ಅಂಕಿಗೂ ಒಂದೊಂದು ಕುದುರೆ ಹೆಸರಿಟ್ಟು ಇದು ರೇಸ್ ಅಂದುಬಿಟ್ಟರು. ಕುದುರೆಗಳು ಹೋದವು, ಆದರೆ ಒಂದು ಆಟಕ್ಕೆ ರೇಸ್ ಅನ್ನುವುದು ಉಳಿಯಿತು. ಬೋರ್ಡ್ ಬದಲಿಸಿ ಅದೇ ಅಂಗಡಿ ನಡೆಸುವ ಬುದ್ಧಿ ನಮ್ಮ ಕಡೆಯದು ಮಾತ್ರ ಅಂದುಕೊಂಡಿದ್ದೆ.

ಆರಿಸುವುದರಲ್ಲಿ ಒಂದು ಸುಖ ಇದೆ. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತಲ್ಲ, ಅದಕ್ಕೂ ಮುಂಚೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತು 27ರಿಂದ ಮುಗಿಯುವ ಟಿಕೆಟ್ ಹುಡುಕುತ್ತಿದ್ದೆ. ಅಂಗಡಿಯವನು ಬೇಸರವಿಲ್ಲದೆ ಬಂಡಲ್ ಬಿಚ್ಚಿ ಹರಡುತ್ತಿದ್ದ. ಬಹುಮಾನ ಒಮ್ಮೆಯೂ ಬರಲಿಲ್ಲ. ಆದರೂ 27 ಸಿಕ್ಕಿದ ದಿನ ಅರ್ಧ ಗೆದ್ದ ಹಾಗೆ ಮನೆಗೆ ಬರುತ್ತಿದ್ದೆ.

ಸಂಜೆ ಮನೆಯಲ್ಲೇ ಆಡಿ ನೋಡೋಣ ಅಂತಾಯ್ತು. ಹಳೇ ಕ್ಯಾಲೆಂಡರ್ ಹರಿದು 80 ಚೀಟಿ ಮಾಡಿ, ಖಾಲಿಯಾದ ಕುಂದಾ ಡಬ್ಬಿಗೆ ಹಾಕಿದೆವು. ಪಣಕ್ಕೆ ಹುರಿದ ಶೇಂಗಾ. ಅವ್ವ ಕನ್ನಡಕ ಹಾಕಿಕೊಂಡು ಹತ್ತು ಅಂಕಿ ಹೇಳಿದಳು. ಏಳು ಕೊಳ್ಳದ ಎಲ್ಲಮ್ಮನ 7. ಮನೆ ನಂಬರು 42. ಮದುವೆಯಾದ ವರ್ಷದ 68. ಹೀಗೆ ಒಂದೊಂದಕ್ಕೂ ಒಂದು ಕಥೆ. ನಾನು ಬರೆಯುತ್ತಾ ಹೋದೆ. ಹುಡುಗ ಮಾತ್ರ ಯೋಚನೆ ಮಾಡದೆ 1ರಿಂದ 10ರವರೆಗೆ ಸಾಲಾಗಿ ಬರೆದ.

"ಹುಚ್ಚಪ್ಪಾ, ಹಂಗ ಸಾಲಾಗಿ ಬರ್ತಾವೇನೋ?" ಅವ್ವ ನಕ್ಕಳು.

"ನಿನ್ನ ಹತ್ತು ಬರೋದೂ ಅಷ್ಟ ಕಷ್ಟ ಆಯಿ. ಸುಮಾರು 89 ಲಕ್ಷಕ್ಕ ಒಂದ್ ಸಲ."

ಅವ್ವ ನಂಬಲಿಲ್ಲ. ಎಲ್ಲಮ್ಮನ ಏಳಕ್ಕೂ ಬರೀ ಏಳಕ್ಕೂ ವ್ಯತ್ಯಾಸ ಇಲ್ಲ ಅಂದರೆ ಯಾರು ನಂಬುತ್ತಾರೆ? ಚೀಟಿ ಎತ್ತಿದೆವು. ಇಪ್ಪತ್ತರಲ್ಲಿ ಅವ್ವನದು ಎರಡು ಬಂದವು, ಹುಡುಗನದು ಮೂರು. ಹತ್ತು ಆರಿಸಿದವರಿಗೆ ಸಾಮಾನ್ಯವಾಗಿ ಬರುವುದೇ ಇಷ್ಟು, ಇದಕ್ಕೆ ಏನೂ ಸಿಗೋದಿಲ್ಲ. ಹತ್ತೂ ತಪ್ಪಿದರೆ ಕೆಲವು ಕಡೆ ದುಡ್ಡು ಕೊಡುತ್ತಾರಂತೆ. ಪೂರ್ತಿ ಸೋಲುವುದೂ ಅಷ್ಟು ಸುಲಭವಲ್ಲ ನೋಡಿ, ಸುಮಾರು 22 ಆಟಕ್ಕೆ ಒಮ್ಮೆ.

ಆಮೇಲೆ ಒಂದೇ ಅಂಕಿಯ ಆಟ. ಬಂದರೆ ಒಂದು ಶೇಂಗಾಕ್ಕೆ ಮೂರು. ಎಂಬತ್ತರಲ್ಲಿ ಇಪ್ಪತ್ತು, ಅಂದರೆ ನಾಲ್ಕು ಸಲಕ್ಕೆ ಒಂದು ಸಲ ಬರಬೇಕು. ಅವ್ವ ಸ್ವಲ್ಪ ಹೊತ್ತು ಆಡಿದಳು. ತನ್ನ ಮುಂದಿನ ಶೇಂಗಾ ನೋಡಿದಳು, ಹುಡುಗನ ಬಟ್ಟಲು ನೋಡಿದಳು.

"ನಾಕು ಕೊಟ್ಟು ಮೂರು ತಗೊಳ್ಳೂದಾತಲ್ಲೋ ಇದು! ರವಿವಾರ ಪೇಟ್ಯಾಗಿನ ದಲಾಲಿನೂ ಇಷ್ಟು ಹಿಡಿಯಂಗಿಲ್ಲ."

ಮುಂದಿನ ಆಟಕ್ಕೆ ಅವ್ವ ಅಂಕಿ ಹೇಳಲಿಲ್ಲ. ಕುಂದಾ ಡಬ್ಬಿಯನ್ನೂ ಶೇಂಗಾ ಬಟ್ಟಲನ್ನೂ ತನ್ನ ಕಡೆ ಎಳೆದುಕೊಂಡಳು. "ಅಂಗಡಿ ನಾ ಇಡ್ತೀನಿ. ನೀವು ಆಡ್ರಿ."

ನಾನು 27 ಬರೆದೆ.