ತಿಂಗಳಿಗೆ 36 ರೂಪಾಯಿ, ವಾರಕ್ಕೆ 1,700

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮುನೀಮ. ಹದಿನಾಲ್ಕು ವರ್ಷದಿಂದ ಬೇರೆಯವರ ದುಡ್ಡಿನ ಲೆಕ್ಕ ಬರೆಯುತ್ತಿದ್ದೇನೆ. ತೊಗರಿ ಎಷ್ಟು ಬಂತು, ಬೇಳೆ ಎಷ್ಟು ಹೋಯ್ತು, ಯಾರಿಂದ ಎಷ್ಟು ಉದ್ರಿ ಬರಬೇಕು. ಒಂದು ರೂಪಾಯಿ ತಾಳೆ ಆಗದಿದ್ರೂ ಊಟ ಸೇರಲ್ಲ. ಇಂಥ ನಾನೇ ಹೋದ ವರ್ಷ ಸಾಲದ ಆ್ಯಪ್‌ಗಳಲ್ಲಿ ಸಿಕ್ಕಿಬಿದ್ದೆ.

ಆಸ್ಪತ್ರೆ ಖರ್ಚು ಅಂದ್ರೆ ನಿಮಗೂ ಪಾಪ ಅನಿಸುತ್ತಿತ್ತು. ಆದ್ರೆ ನಿಜ ಹೇಳಿಬಿಡ್ತೀನಿ. ಅಫಜಲಪುರದಲ್ಲಿ ಹೆಂಡತಿಯ ತಮ್ಮನ ಮದುವೆ. ಆಯೇರಿ ಬಟ್ಟೆಗೆ, ಅಂದ್ರೆ ಮದುವೆಯಲ್ಲಿ ಉಡುಗೊರೆ ಕೊಡುವ ಬಟ್ಟೆಗೆ, ಐದು ಸಾವಿರ ಕಡಿಮೆ ಬಿತ್ತು. ಪಗಾರಕ್ಕೆ ಇನ್ನೂ ಎಂಟು ದಿನ. ಸಾವಕಾರರ ಹತ್ತಿರ ಅಡ್ವಾನ್ಸ್ ಕೇಳಲು ನಾಚಿಕೆ. ಅಕ್ಕನ ಹತ್ತಿರ ಕೇಳಲು ಇನ್ನೂ ನಾಚಿಕೆ. ಫೋನಿನಲ್ಲಿ ಮಾತ್ರ ಯಾರೂ ಮುಖ ನೋಡಲ್ಲ. ಆಧಾರ್ ಫೋಟೊ, ಒಂದು ಸೆಲ್ಫಿ, ನಾಲ್ಕು ಕಡೆ 'ಅಲೋ' ಒತ್ತಿದ್ದು. ಹತ್ತು ನಿಮಿಷಕ್ಕೆ ದುಡ್ಡು ಬಂತು.

ಸಾಲ 5,000. ಕೈಗೆ ಬಂದದ್ದು 3,300. ಉಳಿದದ್ದು 'ಸರ್ವಿಸ್ ಚಾರ್ಜ್' ಅಂತೆ. ಏಳನೇ ದಿನ ಪೂರ್ತಿ 5,000 ಕಟ್ಟಬೇಕು.

ಮುನೀಮನಾಗಿ ಈ ಲೆಕ್ಕ ನಾನು ಅವತ್ತೇ ಹಾಕಬೇಕಿತ್ತು. 3,300ಕ್ಕೆ ವಾರಕ್ಕೆ 1,700 ಬಡ್ಡಿ. ಅಂದ್ರೆ ನೂರಕ್ಕೆ ವಾರಕ್ಕೆ 51 ರೂಪಾಯಿ. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ತಗೊಳ್ಳುವವನನ್ನು ನಾವು ರಕ್ತ ಹೀರುವವನು ಅಂತ ಬೈತೀವಿ. ಅವನು ಇವರ ಮುಂದೆ ಸಾಧು.

ಏಳನೇ ದಿನ ಪಗಾರ ಆಗಿರಲಿಲ್ಲ. ಎರಡನೇ ಆ್ಯಪ್‌ನಿಂದ ತೆಗೆದು ಮೊದಲನೆಯದಕ್ಕೆ ಕಟ್ಟಿದೆ. ಆಮೇಲಿನದು ನಿಮಗೇ ಗೊತ್ತಾಗುತ್ತೆ. ಎರಡೂವರೆ ತಿಂಗಳಲ್ಲಿ ಐದು ಆ್ಯಪ್. ಫೋನ್ ಸೈಲೆಂಟ್ ಮಾಡಿ ಜೋಳದ ಡಬ್ಬಿಯ ಹಿಂದೆ ಇಡುತ್ತಿದ್ದೆ. ಅದು ಅಲ್ಲೇ ಡಬ್ಬಿಗೆ ತಾಗಿ ಗುರ್ ಅನ್ನುತ್ತಿತ್ತು. ಹೆಂಡತಿ ರೊಟ್ಟಿ ಬಡಿಯುತ್ತಾ ಒಂದು ಸಲ ಅದರ ಕಡೆ ನೋಡುವಳು, ಒಂದು ಸಲ ನನ್ನ ಕಡೆ.

ಒಂದು ಬೆಳಿಗ್ಗೆ ನನ್ನ ಸೆಲ್ಫಿಯ ಮೇಲೆ 'ಕಳ್ಳ' ಅಂತ ಬರೆದು ಫೋನಿನಲ್ಲಿದ್ದ ನಂಬರ್‌ಗಳಿಗೆಲ್ಲ ಕಳಿಸಿದರು. ಸಾವಕಾರರಿಗೆ, ಬೀಗರಿಗೆ, ಗ್ಯಾಸ್ ತರುವ ಹುಡುಗನಿಗೆ. ಹಾಲಿನವರಿಗೂ ಹೋಗಿತ್ತು. ಮರುದಿನ ಅವರು ಎಂದಿನಂತೆ ಹಾಲು ಅಳೆದು ಹಾಕಿದರು. ಹೋಗುವಾಗ ತಿರುಗಿ, "ಅಣ್ಣಾರ, ಈ ತಿಂಗಳ ರೊಕ್ಕಾ ನಿಧಾನ ಕೊಡ್ರಿ, ಗಡಬಡಿ ಏನಿಲ್ಲ" ಅಂದರು. ಬೈದಿದ್ರೂ ಅಷ್ಟು ನೋವಾಗುತ್ತಿರಲಿಲ್ಲ.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವತ್ತು ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. "ಸೀರಿ ತರಾಕ ಫೋನಿಗೆ ಕೈ ಚಾಚಿದೆಲ್ಲೊ, ನಾ ಸತ್ತಿದ್ನೇನು?" ಅಂತ ಬೈದಳು. ಚಹಾ ಕೊಟ್ಟು ಮತ್ತೆ ಬೈದಳು. ಆ ತಿಂಗಳ ಮನೆ ಖರ್ಚು ಅವಳ ಸಂಘದ ಸಾಲದಿಂದಲೇ ನಡೆಯಿತು.

ಆದ್ರೆ ಹೊಟ್ಟೆ ಉರಿದದ್ದು ಪೋಸ್ಟ್ ಆಫೀಸಿನಲ್ಲಿ. ತಿಂಗಳಿಗೆ 500ರಂತೆ ಎರಡು ವರ್ಷದಿಂದ ಆರ್‌ಡಿ ಕಟ್ಟುತ್ತಿದ್ದೆ. ಅದನ್ನು ಮುರಿಸಲು ಹೋದ್ರೆ ಕೌಂಟರಿನ ಮೇಡಂ, "ಈಗ ಮುರಸಾಕ ಬರಂಗಿಲ್ರೀ, ಸಾಲ ತಗೋರಿ" ಅಂದರು. ಹನ್ನೆರಡು ಕಂತು ತುಂಬಿದ್ರೆ ಖಾತೆಯಲ್ಲಿರುವ ದುಡ್ಡಿನ ಅರ್ಧದವರೆಗೆ ಸಾಲ ಸಿಗುತ್ತೆ. ಆರ್‌ಡಿಯ ಬಡ್ಡಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕೊಟ್ಟರೆ ಸಾಕು. ಆರ್‌ಡಿಗೆ 6.7 ಇದ್ರೆ ಸಾಲಕ್ಕೆ 8.7. ನನ್ನ ಖಾತೆಯಲ್ಲಿ 12,000ಕ್ಕೂ ಜಾಸ್ತಿ ಇತ್ತು. ಆಯೇರಿಗೆ ಬೇಕಿದ್ದ ಐದು ಸಾವಿರಕ್ಕೆ ತಿಂಗಳ ಬಡ್ಡಿ 36 ರೂಪಾಯಿ ಆಗುತ್ತಿತ್ತು. ಆ ಪಾಸ್‌ಬುಕ್ ಅಷ್ಟು ದಿನವೂ ನಮ್ಮ ಟ್ರಂಕಿನಲ್ಲೇ ಇತ್ತು.

ಆಮೇಲೆ ಹೆಂಡತಿಯ ಎರಡು ಬಳೆ ಬ್ಯಾಂಕಿಗೆ ಹೋದವು. 30,000 ಸಿಕ್ಕಿತು, ಬಡ್ಡಿ ತಿಂಗಳಿಗೆ 250ರ ಆಸುಪಾಸು. ಐದು ಆ್ಯಪ್‌ಗಳಲ್ಲಿ ಎರಡರ ಹಿಂದೆ ಆರ್‌ಬಿಐಯಲ್ಲಿ ನೋಂದಾಯಿಸಿದ ಕಂಪನಿ ಇತ್ತು. ಅವುಗಳ ಸಾಲ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅನ್ನೋ ಪತ್ರ ಬರೆಸಿಕೊಂಡೆ. ಉಳಿದ ಮೂರಕ್ಕೆ ವಿಳಾಸವೇ ಇರಲಿಲ್ಲ. ತಗೊಂಡದ್ದಕ್ಕಿಂತ ಜಾಸ್ತಿ ಅದಾಗಲೇ ಕಟ್ಟಿದ್ದೆ. ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಇನ್ನೂ ಎರಡು ವಾರ ಬೈಗುಳ ಬಂತು. ಆಮೇಲೆ ನಿಂತಿತು.

ಎಲ್ಲ ಆ್ಯಪ್ ಸಾಲವೂ ಮೋಸ ಅಂತ ನಾನು ಹೇಳಲ್ಲ. 2022ರಿಂದ ಆರ್‌ಬಿಐ ನಿಯಮ ಇದೆ. ಸಾಲ ಕೊಡುವ ಕಂಪನಿಯ ಖಾತೆಯಿಂದಲೇ ದುಡ್ಡು ನಿಮ್ಮ ಖಾತೆಗೆ ನೇರ ಬರಬೇಕು. ವರ್ಷದ ಒಟ್ಟು ಖರ್ಚು ಎಷ್ಟು ಪರ್ಸೆಂಟ್ ಅಂತ ಮೊದಲೇ ಒಂದು ಹಾಳೆಯಲ್ಲಿ ತೋರಿಸಬೇಕು. ನಿಮ್ಮ ಫೋನಿನ ನಂಬರ್‌ಗಳನ್ನು, ಫೋಟೊಗಳನ್ನು ಮುಟ್ಟುವ ಹಾಗಿಲ್ಲ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ಫೋನ್ ಮಾಡುವ ಹಾಗಿಲ್ಲ. ತಗೊಂಡ ಮೇಲೆ ಮನಸ್ಸು ಬದಲಾದ್ರೆ ಕನಿಷ್ಠ ಒಂದು ದಿನ ಟೈಮ್ ಇರುತ್ತೆ, ಅಷ್ಟರೊಳಗೆ ದಂಡ ಇಲ್ಲದೆ ವಾಪಸ್ ಮಾಡಬಹುದು. ಯಾವ ಆ್ಯಪ್ ಯಾವ ಕಂಪನಿಯದು ಅನ್ನೋ ಪಟ್ಟಿ 2025ರಿಂದ ಆರ್‌ಬಿಐ ವೆಬ್‌ಸೈಟಿನಲ್ಲೇ ಇದೆ. ನಿಯಮ ಮುರಿದವರು ನೋಂದಾಯಿತ ಕಂಪನಿಯಾಗಿದ್ರೆ ಮೊದಲು ಅವರಿಗೇ ದೂರು ಕೊಡಿ. 30 ದಿನ ಸುಮ್ನೆ ಕೂತರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಕೊಡಬಹುದು. ಮಾಹಿತಿಗೆ ಆರ್‌ಬಿಐ ಫೋನ್ ನಂಬರ್ 14448.

"ಬಡವರು ಓದಿಲ್ಲ, ಅದಕ್ಕೇ ಬೀಳ್ತಾರೆ" ಅಂತ ಮೊನ್ನೆ ಒಬ್ಬರು ನನ್ನ ಮುಂದೆಯೇ ಹೇಳಿದರು. ನಾನು ಬಿ.ಕಾಂ. ಓದಿದವನು ರೀ. ಬಡ್ಡಿ ನನಗೆ ಗೊತ್ತಿತ್ತು. ಕೇಳಲು ಬಾಯಿ ಬರಲಿಲ್ಲ, ಅಷ್ಟೇ. ಯಾರಿಗೂ ಗೊತ್ತಾಗಬಾರದು ಅಂತ ಮಾಡಿದ ಸಾಲ ಕೊನೆಗೆ ಗ್ಯಾಸ್ ಹುಡುಗನಿಗೂ ಗೊತ್ತಾಯಿತು.

ಬಳೆ ಬಿಡಿಸಲು ಇನ್ನೂ ನಾಲ್ಕು ತಿಂಗಳಿದೆ. ಇದನ್ನು ಓದುತ್ತಿರುವ ಯಾರದ್ದಾದರೂ ಫೋನ್ ಈಗ ಜೋಳದ ಡಬ್ಬಿಯ ಹಿಂದೆ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಸಂಜೆ ಆರರ ಮೇಲೆ ನಾನು ಗಂಜಿನಲ್ಲೇ ಇರ್ತೀನಿ. ಫೋನ್ ತನ್ನಿ, ಟ್ರಂಕಿನಲ್ಲಿರುವ ಪಾಸ್‌ಬುಕ್ಕೂ ತನ್ನಿ. ಕೂತು ಲೆಕ್ಕ ಹಾಕೋಣ.