40 ನಿಮಿಷದ ಊರು

ನಿನ್ನೆಯಿಂದ ತಲೆ ಕೆಟ್ಟಿದೆ ಕಣ್ರೀ, ಬರೆದು ಹಾಕಿದ್ರೇನೇ ಇವತ್ತು ನಿದ್ದೆ ಬರೋದು. ಪೆರುವಿನ ಒಯಾಂತಾಯ್ತಾಂಬೊ ಅನ್ನೋ ಊರಲ್ಲಿದೀನಿ (ಹೆಸರು ನಾಲಿಗೆಗೆ ಹತ್ತೋಕೇ ಎರಡು ದಿನ ಬೇಕಾಯ್ತು, ಇಲ್ಲಿಯವರು ಒಯಾಂತಾ ಅಂತ ಮುಗಿಸ್ತಾರೆ, ನಾನೂ ಹಂಗೇ ಅಂತೀನಿ). ಮಧ್ಯಾಹ್ನ ಚೌಕದ ಕಲ್ಲುಬೆಂಚಿನ ಮೇಲೆ ಕೂತು ಗೋಲಿ ಗಾತ್ರದ ಕಾಳಿರೋ ಮುಸುಕಿನ ಜೋಳ, ಜೊತೆಗೊಂದು ತುಂಡು ಚೀಸ್ ತಿಂತಿದ್ದೆ. ಟೂರ್ ಬಸ್ ಬಂತು, ಬಾವುಟ ಹಿಡ್ಕೊಂಡ ಗೈಡ್ ಇಳಿದ, ಹಿಂದೆ ಮೂವತ್ತು ಜನ, ಅದರ ಮಧ್ಯದಿಂದ "ಲೋ, ಇಲ್ಲೂ ಮೆಟ್ಲಾ!" ಅಂತ ಅಚ್ಚ ಬೆಂಗಳೂರು ಕನ್ನಡ. ನಂಗೆ ಜೋಳ ಗಂಟಲಲ್ಲೇ ನಿಲ್ತು. ಖುಷಿಗೆ! ಎದ್ದು ಹೋಗಿ ಮಾತಾಡಿಸ್ದೆ. ನಾಲ್ಕು ಜನ ಹುಡುಗ್ರು, ಒಳ್ಳೇವ್ರೇ. "ಎಷ್ಟೊತ್ತು ಇರ್ತೀರಪ್ಪಾ" ಅಂದ್ರೆ "40 ನಿಮಿಷ ಕೊಟ್ಟಿದಾರೆ ಅಣ್ಣಾ, ಇಲ್ಲೇನಿಲ್ವಂತೆ, ಮೇನ್ ಇರೋದು ನಾಳೆ ಮಚು ಪಿಚು" (ಬೆಟ್ಟದ ಮೇಲಿರೋ ಆ ಫೇಮಸ್ ಇಂಕಾ ಊರು).

ಇಲ್ಲೇನಿಲ್ವಂತೆ.

ಈ 40 ನಿಮಿಷ ಯಾವ ಪುಣ್ಯಾತ್ಮ ಲೆಕ್ಕ ಹಾಕಿದ್ದು ಅಂತ ನಂಗೊಂಚೂರು ಗೊತ್ತಾಗ್ಬೇಕು. ಇಂಕಾಗಳ ಪವಿತ್ರ ಕಣಿವೆ ಅಂತ ಕರೆಯೋ ಈ ಉರುಬಂಬಾ ನದಿ ಕಣಿವೆಯನ್ನ ಒಂದೇ ದಿನಕ್ಕೆ ಮುಗಿಸೋ ಪ್ಯಾಕೇಜ್ ಹತ್ತಿರದ ಕುಸ್ಕೋ ಸಿಟಿಯ ಬೀದಿಬೀದಿಲೂ ಮಾರ್ತಾರೆ. ಬೆಳಗ್ಗೆ ಪಿಸಾಕ್, ಆಮೇಲೆ ಬಫೆ ಊಟ (ಊಟಕ್ಕೆ ಮಾತ್ರ ಒಂದೂವರೆ ಗಂಟೆ, ಅದರಲ್ಲಿ ರಾಜಿಯೇ ಇಲ್ಲ), ಆಮೇಲೆ ಒಯಾಂತಾ 40 ನಿಮಿಷ, ಕತ್ತಲಾಗೋ ಹೊತ್ತಿಗೆ ಚಿಂಚೆರೊದಲ್ಲಿ ಉಣ್ಣೆಗೆ ಬಣ್ಣ ಹಾಕೋ ಡೆಮೊ ನೋಡಿ ಒಂದು ಶಾಲು ಕೊಂಡ್ಕೊಂಡು ವಾಪಸ್. ತಮಾಷೆ ಏನಂದ್ರೆ ಪಿಸಾಕ್, ಒಯಾಂತಾ, ಚಿಂಚೆರೊ, ಮೊರಾಯ್ ನಾಲ್ಕಕ್ಕೂ ಸೇರಿ ಕೊಡೋ 70 ಸೋಲ್ ಟಿಕೆಟ್ಟಿಗೆ ಎರಡು ದಿನ ವ್ಯಾಲಿಡಿಟಿ ಇದೆ. ಸರ್ಕಾರನೇ ಎರಡು ದಿನ ಇರ್ರಪ್ಪಾ ಅಂತಿದೆ, ನಾವು ಬೇಡ ಅಂತೀವಿ.

ಗೈಡು ಮೈಕಲ್ಲಿ "ಕಳೆದುಹೋದ ಇಂಕಾ ನಾಗರಿಕತೆ" ಅಂತ ಶುರು ಮಾಡ್ದ. ಅವನ ಹಿಂದೆನೇ ಎರಡು ಜಡೆ ಹಾಕ್ಕೊಂಡ, ಹ್ಯಾಟ್ ಇಟ್ಕೊಂಡ ಅಜ್ಜಿಯೊಬ್ರು ಅದೇ ಇಂಕಾಗಳ ಕೆಚುವಾ ಭಾಷೇಲಿ ಫೋನಲ್ಲಿ ಯಾರಿಗೋ ಸರಿಯಾಗಿ ಬೈತಿದ್ರು. ಯಾವ ಭಾಷೆಯಾದ್ರೂ ಬೈಗುಳ ಗೊತ್ತಾಗುತ್ತಲ್ಲ. ಕಳೆದೋಗಿರೋದು ಯಾರು ಸ್ವಾಮಿ?

ಈ ಊರಿನ ಬೀದಿಗಳು 15ನೇ ಶತಮಾನದಲ್ಲಿ ಪಚಕೂತಿ ಅನ್ನೋ ಇಂಕಾ ದೊರೆ ಕಾಲದಲ್ಲಿ ಹಾಕಿದ ಲೆಕ್ಕದಲ್ಲೇ ಇವತ್ತೂ ಇದಾವೆ. ಒಂದು ಅಂಗಳ, ಸುತ್ತ ಮನೆಗಳು, ಬೀದಿಗೆ ಒಂದೇ ಬಾಗಿಲು, ಇದಕ್ಕೆ ಕಂಚಾ ಅಂತಾರೆ. ಬಾಗಿಲು ಕೆಳಗೆ ಅಗಲ, ಮೇಲೆ ಹೋಗ್ತಾ ಕಿರಿದು. ನಾನಿರೋ ಮನೆ ಬಾಗಿಲಿಗೆ ಆತ್ಕೊಂಡು ಒಂದು ಬೈಕು ನಿಂತಿರುತ್ತೆ, ಹ್ಯಾಂಡಲ್ಲು ಉಜ್ಜಿ ಉಜ್ಜಿ ಐನೂರು ವರ್ಷದ ಕಲ್ಲು ಒಂದು ಕಡೆ ನುಣ್ಣಗೆ ಹೊಳೀತಿದೆ. ಒಳಗೆ ತಂತಿ ಮೇಲೆ ಸ್ಕೂಲ್ ಯೂನಿಫಾರ್ಮ್ ಒಣಗ್ತಿರುತ್ತೆ, ಅಡುಗೆಮನೇಲಿ ಗಿನಿಪಿಗ್‌ಗಳು ಕಾಲಡಿ ಓಡಾಡ್ತಿರ್ತವೆ (ಮುದ್ದಿಗೆ ಸಾಕಿರೋದಲ್ಲ, ಊಟಕ್ಕೆ, ನಾನು ಕೇಳಬಾರದಿತ್ತು). ಬೀದಿ ಪಕ್ಕ ಕಲ್ಲಿನ ಕಾಲುವೇಲಿ ಬೆಟ್ಟದ ನೀರು ರಾತ್ರಿಯೆಲ್ಲಾ ಹರಿಯೋ ಸದ್ದು. ಯಾವುದೋ ಮನೆ ಮುಂದೆ ಕೋಲಿಗೆ ಕೆಂಪು ಪ್ಲಾಸ್ಟಿಕ್ ಕವರ್ ಕಟ್ಟಿದ್ರೆ ಒಳಗೆ ಚಿಚಾ ಸಿಗುತ್ತೆ ಅಂತ, ಜೋಳದ ಹೆಂಡ, ಕುಡಿಯೋಕೆ ಮುಂಚೆ ಭೂಮಿತಾಯಿ ಪಚಮಾಮಾಗೆ ನಾಲ್ಕು ಹನಿ ನೆಲಕ್ಕೆ ಚೆಲ್ಲಬೇಕು. 40 ನಿಮಿಷದವರಿಗೆ ಆ ಕವರ್ ಬರೀ ಕಸ.

ಸರಿ, ಊರ ಪಕ್ಕದ ಬೆಟ್ಟದಲ್ಲಿ ಅವರು ಹತ್ತೋ ಇಂಕಾ ಕೋಟೆನಾದ್ರೂ ನೋಡ್ತಾರಾ? ಏದುಸಿರು ಬಿಡ್ತಾ 200ಕ್ಕೂ ಹೆಚ್ಚು ಮೆಟ್ಲು ಹತ್ತಿ, ಮೇಲೆ ಸೂರ್ಯನ ಗುಡಿಯ ಆರು ದೈತ್ಯ ಕಲ್ಲುಗಳ ಮುಂದೆ ಸೆಲ್ಫಿ, ಇಳಿ. ಆ ಕಲ್ಲುಗಳ ಗಣಿ ಇರೋದು ನದಿಯ ಆಚೆ ದಡದ ಬೆಟ್ಟದಲ್ಲಿ, ಕಚಿಕಾತ ಅಂತ. ಅಲ್ಲಿಂದ ಇಳಿಸಿ, ನದಿ ದಾಟಿಸಿ, ಈ ಕಡೆ ಬೆಟ್ಟ ಹತ್ತಿಸಿದಾರೆ, ಎತ್ತಿಲ್ಲ, ಕುದುರೆ ಇಲ್ಲ, ಮನುಷ್ಯರೇ ಎಳೆದಿದ್ದು. ಕೆಲಸ ಅರ್ಧಕ್ಕೇ ನಿಂತೋಯ್ತು. ದಾರೀಲಿ ಬಿಟ್ಟ ಕಲ್ಲುಗಳು ಈಗಲೂ ಹೊಲದ ಮಧ್ಯ ಬಿದ್ದಿದಾವೆ, ಊರವರು ಅದಕ್ಕೆ ದಣಿದ ಕಲ್ಲುಗಳು ಅಂತಾರೆ. ಮೊನ್ನೆ ಅಂಥದ್ದೊಂದರ ಪಕ್ಕ ಕೂತು ನಾನೂ ದಣಿವಾರಿಸ್ಕೊಂಡೆ. 1536-37ರಲ್ಲಿ ಮಾಂಕೊ ಇಂಕಾ ಅನ್ನೋ ದೊರೆ ಇದೇ ಕೋಟೆಯಿಂದ ಸ್ಪೇನಿನವರನ್ನ ಹಿಮ್ಮೆಟ್ಟಿಸಿದ್ದು, ಕಾಲುವೆ ನೀರು ತಿರುಗಿಸಿ ಬಯಲನ್ನೆಲ್ಲ ಕೆಸರು ಮಾಡಿ, ಕುದುರೆಗಳು ಹೂತುಕೊಳ್ಳೋ ಹಂಗೆ. ಅದೇ ಬಯಲಿನ ಪಕ್ಕ ಈಗ ಮಚು ಪಿಚು ಕಡೆ ಹೋಗೋ ರೈಲಿನ ಸ್ಟೇಷನ್ನು. ನಮ್ಮವರಿಗೆ ಇಡೀ ಊರೇ ಅದರ ವೇಟಿಂಗ್ ರೂಮು.

ಕಾಮೆಂಟಲ್ಲಿ ಯಾರಾದ್ರೂ ಹೇಳೇ ಹೇಳ್ತೀರ, "ಎಲ್ಲರಿಗೂ ನಿನ್ನಂಗೆ ರಜೆ ಸಿಗಲ್ಲಪ್ಪಾ, ಲಕ್ಷಗಟ್ಲೆ ಖರ್ಚು ಮಾಡಿ ಹೋದಾಗ ಇರೋ ದಿನದಲ್ಲಿ ಎಲ್ಲಾ ನೋಡ್ಬೇಕು ಅನ್ಸಲ್ವಾ." ಅನ್ಸುತ್ತೆ, ಸರಿ. ಆದ್ರೆ ಅದೇ ಜನ 3,400 ಮೀಟರ್ ಎತ್ತರದ ಕುಸ್ಕೋದಲ್ಲಿ ತಲೆ ಹಿಡ್ಕೊಂಡು ಕೋಕಾ ಎಲೆ ಕಷಾಯ ಕುಡೀತಾ ಎರಡು ದಿನ ಹಾಸಿಗೇಲಿ ಕಳೀತಾರೆ. ಸೀದಾ ಇಲ್ಲಿಗೆ ಬಂದ್ರೆ ಸುಮಾರು 2,800 ಮೀಟರ್, ತಲೆನೋವೂ ಕಮ್ಮಿ, ಊರೂ ಸಿಕ್ತು. ಹೋಗ್ಲಿ ಬಿಡಿ. ಚಿಂಚೆರೊದಲ್ಲಿ ದೊಡ್ಡ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಕಟ್ತಿದಾರೆ, ಅದಾದ್ಮೇಲೆ 20 ನಿಮಿಷ ಸಾಕಾಗ್ಬೋದು.

ಈಗ ಒಂದು ನಿಜ ಹೇಳ್ಬೇಕು. ನಾನು ಹಾಸನದವನು, ನಿಮಗೆಲ್ಲ ಗೊತ್ತು. ಆಫೀಸಿಂದ ಯಾರೇ ಫಾರಿನ್ನವರು ಬಂದ್ರೂ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನಕ್ಕೆ ತೋರಿಸಿ ರಾತ್ರಿ ಬೆಂಗಳೂರಿಗೆ ತಂದು ಬಿಡ್ತಿದ್ದೋನು ನಾನೇ. ಒಂದ್ಸಲ ಹಳೇಬೀಡಲ್ಲಿ ವಾಚ್ ನೋಡ್ಕೊಂಡು "ಹಾಫ್ ಆ್ಯನ್ ಅವರ್" ಅಂತ ಕೂಗಿದ್ದು ನೆನಪಿದೆ. ಆ ಗೈಡ್ ಮೇಲೆ ಅಷ್ಟು ಸಿಟ್ಟು ಬಂದಿದ್ದು ಅದಕ್ಕೇ ಇರ್ಬೇಕು.

ಸಂಜೆ ಬಸ್ ಹೋದ್ಮೇಲೆ ಮನೆಯೊಡತಿ ಅಂಗಳದಲ್ಲಿ ಆಲೂಗಡ್ಡೆ ಸುಲೀತಿದ್ರು. ಗಂಟುಗಂಟು, ಶುಂಠಿನೂ ಅನಾನಸ್ಸೂ ಕೂಡಿ ಹುಟ್ಟಿದಂಗೆ. ನನ್ನ ಅರೆಬರೆ ಸ್ಪ್ಯಾನಿಷಲ್ಲಿ ಹೆಸರು ಕೇಳ್ದೆ. ಕಚುನ್ ವಕಾಚಿ, ಅಂದ್ರೆ ಸೊಸೆಯನ್ನ ಅಳಿಸೋದು! ಮನೆಗೆ ಬಂದ ಹೊಸ ಸೊಸೆಗೆ ಇದನ್ನ ಸುಲಿಯೋಕೆ ಕೊಟ್ಟು ಅತ್ತೆ ಪರೀಕ್ಷೆ ಮಾಡ್ತಿದ್ರಂತೆ. ನಂಗೂ ಒಂದು ಚಾಕು ಕೊಟ್ರು, ಅರ್ಧ ಗೆಡ್ಡೆ ಸಿಪ್ಪೇಲೇ ಹೋಯ್ತು, ನಾನು ಫೇಲು. ಪಿಸಾಕ್ ಮೇಲಿನ ಬೆಟ್ಟದ ಹಳ್ಳಿಗಳವರು ಸೇರಿ ಆಲೂಗಡ್ಡೆ ಪಾರ್ಕ್ ಅಂತಾನೇ ಮಾಡ್ಕೊಂಡಿದಾರೆ, ಸಾವಿರಕ್ಕೂ ಹೆಚ್ಚು ತಳಿ ಇದೆ ಅಲ್ಲಿ. ನಮ್ಮ ಹೊಲದಲ್ಲಿ? ಜಲಂಧರ್‌ನಿಂದ ಬಂದ ಬೀಜ, ಕುಫ್ರಿ ಜ್ಯೋತಿ ಅನ್ನೋ ಒಂದೇ ತಳಿ, ಮುಗೀತು. ಒಂದು ವಾರ ಜಿಟಿಜಿಟಿ ಮಳೆ ಹಿಡಿದ್ರೆ ಅಂಗಮಾರಿ ರೋಗ ಬಂದು ಹೊಲವೆಲ್ಲಾ ಕಪ್ಪು.

ಊರಲ್ಲಿ ಆಗ ಬೆಳಗಿನ ಜಾವ ಐದೂವರೆ, ಅಪ್ಪ ಎದ್ದಿರ್ತಾರೆ ಅಂತ ವಿಡಿಯೋ ಕಾಲ್ ಮಾಡಿ ಗೆಡ್ಡೆ ತೋರಿಸ್ದೆ. ಕೋಟೆ, ಸೂರ್ಯನ ಗುಡಿ ಯಾವುದೂ ಕೇಳ್ಲಿಲ್ಲ, "ಅಂಗಮಾರಿ ಬರಲ್ವಾ ಅದಕ್ಕೆ?" ಅಂದ್ರು. ಮನೆಯೊಡತಿನ ಕೇಳ್ದೆ. ಬರುತ್ತಂತೆ, ಅದಕ್ಕೇ ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ಹಾಕ್ತಾರಂತೆ, ಒಂದು ಹೋದ್ರೆ ಇನ್ನೊಂದು ಉಳಿಯುತ್ತೆ ಅಂತ. ಈಗೀಗ ಸೆಕೆ ಜಾಸ್ತಿಯಾಗಿ ಬೆಟ್ಟದಲ್ಲಿ ಇನ್ನೂ ಮೇಲಕ್ಕೆ ಹೋಗಿ ನೆಡ್ತಿದಾರಂತೆ. ಅಪ್ಪ ಸುಮಾರು ಹೊತ್ತು ಸ್ಕ್ರೀನನ್ನೇ ನೋಡ್ತಿದ್ರು.

"ಬರುವಾಗ ಎರಡು ಗೆಡ್ಡೆ ಜೇಬಲ್ಲಿ ಹಾಕ್ಕೊಂಡ್ ಬಾ ಮಗಾ."

ಹಂಗೆಲ್ಲಾ ತರಂಗಿಲ್ಲ ಅಪ್ಪಾ, ಏರ್‌ಪೋರ್ಟಲ್ಲಿ ಹಿಡೀತಾರೆ ಅಂದೆ.

"ಮತ್ತೆ ಅಷ್ಟು ದೂರ ಹೋಗಿದ್ದು ಯಾತಕ್ಕೆ?" ಅಂತ ಫೋನಿಟ್ರು.